ಐರ್ಲೆಂಡ್ ಯಾತ್ರೆಯಲ್ಲಿ ನಗರವಾಸದ ಪ್ರಶ್ನೆ

ದೂರದೇಶಕ್ಕೆ ಹೊರಡತಕ್ಕವರಿಗೆ, ಟಿಕೆಟ್ಟು ಕೊಳ್ಳುವುದಕ್ಕೂ ಮುಂಚೆಯೇ, ಬಂಧುಮಿತ್ರರ ಬಾಯಿಂದಲೋ ತಮ್ಮದೇ ಅಂತರಂಗದಿಂದಲೋ ಒಂದು ಪ್ರಶ್ನೆ ಎದ್ದುಬರುತ್ತದೆ: ಹೇಗೂ ಅಷ್ಟು ದೂರ ಹೋಗುವುದಾಯಿತು, ದಾರಿಯಲ್ಲಿರುವ ಮತ್ತೊಂದು ಮಹಾನಗರದಲ್ಲಿ ಒಂದೆರಡು ದಿನ ಇಳಿದು ಅದನ್ನೂ ಏಕೆ ನೋಡಿಕೊಂಡು ಬರಬಾರದು? ಐರ್ಲೆಂಡಿಗೆ ಹೋಗುವ ಕನ್ನಡಿಗರ ಮಟ್ಟಿಗಂತೂ ಈ ಪ್ರಶ್ನೆ ಅನಿವಾರ್ಯವಾದುದು. ಬೆಂಗಳೂರಿನಿಂದ ಡಬ್ಲಿನ್ನಿಗೆ ನೇರವಾದ ವಿಮಾನವಿಲ್ಲ. ದುಬೈ, ಅಬುಧಾಬಿ, ದೋಹಾ, ಲಂಡನ್, ಪ್ಯಾರಿಸ್, ಫ್ರಾಂಕ್‌ಫರ್ಟ್ ಮೊದಲಾದ ಊರುಗಳಲ್ಲಿ ಎಲ್ಲಿಯಾದರೂ ಇಳಿದು ಬೇರೆ ವಿಮಾನವನ್ನು ಹತ್ತಲೇಬೇಕು. ಇಳಿಯಲೇಬೇಕಾದ ಊರಿನಲ್ಲಿ ಎರಡು ರಾತ್ರಿ ನಿಂತರೆ ನಷ್ಟವೇನು ಎಂಬ ತರ್ಕಕ್ಕೆ ಮೇಲ್ನೋಟಕ್ಕೆ ಉತ್ತರವೇ ಇಲ್ಲ. ಈ ತರ್ಕವನ್ನು ನಾವು ಹೇಗೆ ಶೋಧಿಸಿ ನೋಡಿದೆವು, ಕಡೆಗೆ ಯಾವ ನಗರವನ್ನು ಬಿಟ್ಟು ಯಾವುದನ್ನು ಹಿಡಿದೆವು, ಅದರಿಂದ ದೊರೆತ ಫಲವೇನು ಎಂಬುದನ್ನು ಬರೆದಿಟ್ಟರೆ ಮುಂದೆ ಹೋಗುವವರಿಗೆ ಉಪಯೋಗವಾದೀತೆಂಬ ನಂಬಿಕೆಯಿಂದ ಈ ಲೇಖನಕ್ಕೆ ಕೈಹಾಕಿದ್ದೇನೆ.

ನಮ್ಮ ಮಗಳು ಐರ್ಲೆಂಡಿನ ಪಶ್ಚಿಮ ತೀರದ ಗಾಲ್ವೇ ನಗರದಲ್ಲಿ, ವೈದ್ಯಕೀಯ ಉಪಕರಣಗಳನ್ನು ತಯಾರಿಸುವ ಕಾರ್ಖಾನೆಯೊಂದರಲ್ಲಿ ಇಂಜಿನಿಯರಾಗಿದ್ದಾಳೆ. ಅವಳ ಮನೆಯಲ್ಲಿ ಇದ್ದುಕೊಂಡು, ಕಾನೆಮಾರದ ಜೌಗುಸೀಮೆಯನ್ನೂ, ಕ್ಲೇರ್ ಪ್ರಾಂತದಲ್ಲಿ ಅಟ್ಲಾಂಟಿಕ್ ಸಮುದ್ರದಿಂದ 214 ಮೀಟರುಗಳವರೆಗೆ ನೆಟ್ಟಗೆ ಎದ್ದುನಿಂತಿರುವ ಮೊಹರ್ ಕಡಿಬಂಡೆಗಳನ್ನೂ, ಯೇಟ್ಸ್ ಕವಿಯ ಬಾಲ್ಯಸ್ಮೃತಿಗಳ ನಾಡಾದ ಸ್ಲೈಗೋವನ್ನೂ ನೋಡಬೇಕೆಂಬುದು ನಮ್ಮ ಸಂಕಲ್ಪ. ಈ ಸುದ್ದಿ ಕಿವಿಗೆ ಬಿದ್ದೊಡನೆ ಲಂಡನ್ನಿನಲ್ಲಿರುವ ನನ್ನ ತಮ್ಮನ ಮಗ ಫೋನು ಮಾಡಿದ. "ದೊಡ್ಡಪ್ಪ, ಜೀವಮಾನವೆಲ್ಲ ಕಾಲೇಜಿನಲ್ಲಿ ಶೇಕ್ಸ್‌ಪಿಯರ್ ಪಾಠ ಮಾಡಿದವರು ನೀವು. ಇಷ್ಟು ಹತ್ತಿರಕ್ಕೆ ಬಂದು ಲಂಡನ್ ನೋಡದೆ ಹೋದರೆ ಹೇಗೆ? ಎರಡು ದಿನ ಸಾಕು, ನಾನೇ ಎಲ್ಲಾ ಸುತ್ತಿಸ್ತೀನಿ" ಎಂದ. ಅವನ ಮಾತಿನಲ್ಲಿ ಪ್ರೀತಿಯೂ ಇತ್ತು, ನ್ಯಾಯವೂ ಇತ್ತು. ನಾನು ತರಗತಿಗಳಲ್ಲಿ ವರ್ಣಿಸುತ್ತ ಬಂದ ಥೇಮ್ಸ್ ನದಿ, ಪ್ರವೇಶಶುಲ್ಕವಿಲ್ಲದೆ ಎಲ್ಲರಿಗೂ ಬಾಗಿಲು ತೆರೆದಿರುವ ಬ್ರಿಟಿಷ್ ಮ್ಯೂಸಿಯಮ್ ಮತ್ತು ನ್ಯಾಷನಲ್ ಗ್ಯಾಲರಿ, ಇವುಗಳ ಆಕರ್ಷಣೆ ನನಗೆ ಸಾಮಾನ್ಯವಾದುದಾಗಿರಲಿಲ್ಲ. ನನ್ನ ಮನಸ್ಸು ಆ ಕಡೆಗೆ ವಾಲಿದ್ದನ್ನು ಕಂಡು ನನ್ನ ಮಡದಿ, "ಲಂಡನ್ನಿಗೆ ಹೋಗೋದು ಬೇಡ ಅಂತ ನಾನು ಹೇಳೋದಿಲ್ಲ, ಆದರೆ ಐರ್ಲೆಂಡಿನಲ್ಲಿ ಏನನ್ನ ಬಿಟ್ಟು ಆ ಎರಡು ದಿನ ತರ್ತೀರಿ ಅನ್ನೋದನ್ನ ಮೊದಲು ಹೇಳಿ" ಎಂದಳು. ಸಮಸ್ಯೆಯ ತಿರುಳನ್ನು ಇದಕ್ಕಿಂತ ಸ್ಪಷ್ಟವಾಗಿ ಯಾರೂ ಹೇಳಲಾರರು; ರಜೆಯೆಂಬುದು ಪರಿಮಿತವಾದುದರಿಂದ, ಕೂಡಿಸುವ ಪ್ರತಿಯೊಂದು ದಿನವೂ ಮತ್ತೊಂದು ಕಡೆಯಿಂದ ಕಳೆದ ದಿನವೇ ಆಗಿರುತ್ತದೆ.

ಮೊದಲು ಪರಿಶೀಲಿಸಬೇಕಾದುದು ಕಾಗದಪತ್ರಗಳ ವಿಚಾರ. ಐರ್ಲೆಂಡ್ ಐರೋಪ್ಯ ಒಕ್ಕೂಟದ ಸದಸ್ಯರಾಷ್ಟ್ರವಾಗಿದ್ದರೂ ಷೆಂಗೆನ್ ವಲಯಕ್ಕೆ ಸೇರಿದುದಲ್ಲ. ಆದುದರಿಂದ ಭಾರತೀಯ ಪಾಸ್‌ಪೋರ್ಟ್ ಹೊಂದಿದವರು ಪ್ಯಾರಿಸ್ಸಿನಲ್ಲಿ ಹೊರಗೆ ಬಂದು ಒಂದು ರಾತ್ರಿ ತಂಗಬೇಕಾದರೂ ಪ್ರತ್ಯೇಕವಾದ ಷೆಂಗೆನ್ ವೀಸಾ ಬೇಕು. ಬ್ರಿಟನ್ನಿನ ಮಾತು ಸ್ವಲ್ಪ ಬೇರೆ. ಎರಡು ದೇಶಗಳೂ ಸೇರಿ ಮಾಡಿಕೊಂಡ ಏರ್ಪಾಡಿನಂತೆ, 2015ರಿಂದ ಭಾರತೀಯ ಪ್ರವಾಸಿಗಳು ಒಂದೇ ವೀಸಾದ ಮೇಲೆ ಎರಡು ಕಡೆಗೂ ಹೋಗಲು ಅವಕಾಶವುಂಟು; ಆದರೆ ಆ ವೀಸಾದಲ್ಲಿ 'ಬಿಐವಿಎಸ್' ಎಂಬ ಅಕ್ಷರಗಳು ನಮೂದಾಗಿರಬೇಕು, ಮತ್ತು ಯಾವ ದೇಶ ವೀಸಾ ಕೊಟ್ಟಿತೋ ಆ ದೇಶವನ್ನೇ ಮೊದಲು ಪ್ರವೇಶಿಸಬೇಕು. ಅಂದರೆ ಐರ್ಲೆಂಡಿನ ವೀಸಾ ಪಡೆದ ನಮ್ಮಂಥವರು ಹೋಗುವಾಗ ಲಂಡನ್ನಿನಲ್ಲಿ ನಿಲ್ಲುವಂತಿಲ್ಲ, ಹಿಂದಿರುಗುವಾಗ ಮಾತ್ರ ನಿಲ್ಲಬಹುದು ಎಂದಾಯಿತು. ಇಂಥ ನಿಯಮಗಳು ಕಾಲಕಾಲಕ್ಕೆ ಬದಲಾಗುವುದರಿಂದ, ಹಣ ಕಟ್ಟುವ ಮುನ್ನ ಪ್ರತಿಯೊಬ್ಬರೂ ವಿಚಾರಿಸಿಕೊಳ್ಳತಕ್ಕದ್ದು.

ಎರಡನೆಯದು ಕಾಲದ ಲೆಕ್ಕ. ಕಾಗದದ ಮೇಲೆ ಎರಡು ದಿನವೆಂದು ಬರೆದದ್ದು ಊರಿನೊಳಗೆ ಎಷ್ಟು ಗಂಟೆಯಾಗಿ ಉಳಿಯುತ್ತದೆಂಬುದನ್ನು ನಾನು ಮೇಜಿನ ಮುಂದೆ ಕುಳಿತು ಬಿಡಿಸಿ ನೋಡಿದೆ. ಗಾಲ್ವೇಯಿಂದ ಡಬ್ಲಿನ್ ವಿಮಾನ ನಿಲ್ದಾಣಕ್ಕೆ ಬಸ್ಸಿನಲ್ಲಿ ಎರಡೂವರೆ ಮೂರು ಗಂಟೆ. ವಿಮಾನ ಹೊರಡುವುದಕ್ಕೆ ಮುಂಚೆ ಕಾಯುವ ಅವಧಿ. ಹೀಥ್ರೋದಲ್ಲಿ ಇಳಿದ ಮೇಲೆ ಪೆಟ್ಟಿಗೆಗಳ ನಿರೀಕ್ಷೆ. ಅಲ್ಲಿಂದ ಪಿಕಡಿಲಿ ಮಾರ್ಗದ ರೈಲಿನಲ್ಲಿ ನಗರಮಧ್ಯಕ್ಕೆ ಹತ್ತಿರಹತ್ತಿರ ಒಂದು ಗಂಟೆ. ಇಷ್ಟಾಗುವಾಗ ಮೊದಲನೆಯ ದಿನ ಮುಗಿದುಹೋಗುತ್ತದೆ. ಕೊನೆಯ ದಿನದ ಅರ್ಧಭಾಗವನ್ನು ಹಿಂದಿರುಗುವ ವಿಮಾನ ನುಂಗುತ್ತದೆ. ಬೇಸಗೆಯಲ್ಲಿ ಆ ದೇಶಗಳಲ್ಲಿ ರಾತ್ರಿ ಒಂಬತ್ತರ ಮೇಲೂ ಬೆಳಕಿರುತ್ತದೆಂಬುದು ನಿಜ. ಆದರೆ ವಸ್ತುಸಂಗ್ರಹಾಲಯಗಳು ಸಾಮಾನ್ಯವಾಗಿ ಸಂಜೆ ಐದಕ್ಕೇ ಬಾಗಿಲು ಹಾಕಿಕೊಳ್ಳುವುದರಿಂದ ಆ ಬೆಳಕು ಬೀದಿ ಸುತ್ತುವುದಕ್ಕೆ ಮಾತ್ರ ಒದಗುತ್ತದೆ. ಇಷ್ಟನ್ನು ಎಣಿಸಿದ ಮೇಲೆ ಲಂಡನ್ನನ್ನು ಬಿಟ್ಟುಬಿಡಲು ನಿಶ್ಚಯಿಸಿದೆವು. ಗಂಟೆಗಳ ಕೊರತೆ ಅದಕ್ಕೆ ಒಂದು ಕಾರಣ. ಅದಕ್ಕಿಂತ ಬಲವಾದ ಕಾರಣವೆಂದರೆ, ನಾವು ಪಶ್ಚಿಮ ಐರ್ಲೆಂಡಿನಲ್ಲಿ ನೋಡಲಿದ್ದ ಯಾವುದನ್ನೂ ಆ ಎರಡು ದಿನಗಳು ಮುಂದುವರಿಸುತ್ತಿರಲಿಲ್ಲ.

ಹಾಗಾದರೆ ಡಬ್ಲಿನ್ನೂ ಬೇಡವೇ? ಮಗಳು, "ಅಪ್ಪಾ, ಏರ್‌ಪೋರ್ಟಿನಿಂದಲೇ ಗಾಲ್ವೇಗೆ ಬಸ್ಸಿದೆ, ಡಬ್ಲಿನ್ ಒಳಕ್ಕೆ ಹೋಗದೆಯೇ ಬಂದುಬಿಡಬಹುದು" ಎಂದಿದ್ದಳು. ಹೋಗುವಾಗ ನಾವು ಮಾಡಿದ್ದು ಹಾಗೆಯೇ. ರಾತ್ರಿಯೆಲ್ಲ ವಿಮಾನದಲ್ಲಿ ಕುಳಿತು ಬಂದ ವಯಸ್ಸಾದ ದೇಹಗಳಿಗೆ ಅಂದು ಬೇಕಾದುದು ಮಗಳ ಮನೆಯ ಅನ್ನಸಾರು ಮತ್ತು ಹಾಸಿಗೆಯೇ ಹೊರತು ಯಾವ ರಾಜಧಾನಿಯೂ ಅಲ್ಲ. ಡಬ್ಲಿನ್ನನ್ನು ನಾವು ಯಾತ್ರೆಯ ಕೊನೆಗೆ ಇರಿಸಿಕೊಂಡೆವು. ಹಿಂದಿರುಗುವ ವಿಮಾನ ಅಲ್ಲಿಂದಲೇ ಹೊರಡುವುದರಿಂದ, ಮುಂಚಿತವಾಗಿಯೇ ಆ ಊರಿಗೆ ಬಂದು ತಂಗಿದರೆ, ಹೊರಡುವ ದಿನ ಬಸ್ಸು ತಡವಾದೀತೆಂಬ ಆತಂಕವೂ ತಪ್ಪುತ್ತದೆ. ಆದರೆ ಈ ಕ್ರಮದ ನಿಜವಾದ ಸಾರ್ಥಕ್ಯ ನಮಗೆ ತಿಳಿದದ್ದು ಅಲ್ಲಿಗೆ ಹೋದ ಮೇಲೆ.

ಅದನ್ನು ವಿವರಿಸುವುದಕ್ಕೆ ಕಾನೆಮಾರದ ಜೌಗನ್ನು ಕುರಿತು ಎರಡು ಮಾತು ಹೇಳಬೇಕು. ಐರ್ಲೆಂಡಿನ ನೆಲದಲ್ಲಿ ಸುಮಾರು ಆರನೆಯ ಒಂದು ಭಾಗ ಇಂಥ ಜೌಗಿನಿಂದ ಆವೃತವಾಗಿದೆ. ಸಾವಿರಾರು ವರ್ಷಗಳಿಂದ ಪಾಚಿಯೂ ಹುಲ್ಲೂ ಸತ್ತು, ನೀರಿನಲ್ಲಿ ಪೂರ್ತಿಯಾಗಿ ಕೊಳೆಯದೆ, ಪದರಪದರವಾಗಿ ಕೂತು ಆದ ಕಪ್ಪು ಮಣ್ಣು ಅದು. ಅದನ್ನು ಇಟ್ಟಿಗೆಯಾಕಾರದಲ್ಲಿ ಕತ್ತರಿಸಿ, ಗಾಳಿಗೆ ಒಣಗಿಸಿ, ಒಲೆಗೆ ಹಾಕುವ ಪದ್ಧತಿ ಹಿಂದಿನಿಂದ ಬಂದದ್ದು. ಅಲ್ಲಿ ರಸ್ತೆಯ ಬದಿಯಲ್ಲಿ, ವಯೋವೃದ್ಧರೊಬ್ಬರು ಕತ್ತರಿಸಿದ ತುಂಡುಗಳನ್ನು ಒಂದಕ್ಕೊಂದು ಒರಗಿಸಿ ನಿಲ್ಲಿಸುತ್ತಿದ್ದರು. ಅವರ ಅನುಮತಿ ಪಡೆದು ಒಂದು ಹಸಿಯ ತುಂಡನ್ನು ಎತ್ತಿದೆ. ನೀರು ಸೋರುತ್ತ, ಕೈ ಜಗ್ಗುವಷ್ಟು ಭಾರವಾಗಿತ್ತು. ಪಕ್ಕದಲ್ಲೇ ಒಣಗಿದ ತುಂಡೊಂದನ್ನು ಎತ್ತಿದರೆ ಭಾರವೇ ಇಲ್ಲ. ಮುರಿದ ಅಂಚಿನಲ್ಲಿ ಎಂದೋ ಬೆಳೆದಿದ್ದ ಹುಲ್ಲಿನ ಬೇರುಗಳ ಎಳೆಗಳು ಒಂದೊಂದಾಗಿ ಎಣಿಸುವಂತೆ ಹಾಗೆಯೇ ಉಳಿದಿದ್ದವು. ಆ ಮುದುಕರು ತೋಡುವಾಗ ಹಳೆಯ ಮರದ ಬೊಡ್ಡೆಗಳು ಸಿಕ್ಕುತ್ತವೆಂದೂ, ಅವುಗಳ ಮರ ಇನ್ನೂ ಗಟ್ಟಿಯಾಗಿರುತ್ತದೆಂದೂ ಹೇಳಿದರು.

ಡಬ್ಲಿನ್ನಿನ ಕಿಲ್ಡೇರ್ ಬೀದಿಯಲ್ಲಿ, 1890ರಲ್ಲಿ ತೆರೆದ ಪ್ರಾಕ್ತನ ವಸ್ತುಸಂಗ್ರಹಾಲಯದ ಕಟ್ಟಡವಿದೆ, ಪ್ರವೇಶಕ್ಕೆ ಶುಲ್ಕವಿಲ್ಲ. ಅಲ್ಲಿ ಸುತ್ತುಗೋಡೆಯ ಒಳಗೆ, ಮಂದಪ್ರಕಾಶದಲ್ಲಿ, 2003ರಲ್ಲಿ ಆಫಲಿ ಪ್ರಾಂತದ ಜೌಗಿನಲ್ಲಿ ಸಿಕ್ಕಿದ ಪುರುಷನೊಬ್ಬನ ದೇಹವನ್ನಿಟ್ಟಿದ್ದಾರೆ. ಓಲ್ಡ್ ಕ್ರೋಹನ್ ಮನುಷ್ಯನೆಂದು ಅವನನ್ನು ಕರೆಯುತ್ತಾರೆ. ತಲೆಯಿಲ್ಲ, ಸೊಂಟದಿಂದ ಕೆಳಗಿನದೂ ಇಲ್ಲ; ಉಳಿದಿರುವುದು ಎದೆಯೂ ಎರಡು ತೋಳುಗಳೂ ಮಾತ್ರ. ಎಡತೋಳಿನಲ್ಲಿ ಹೆಣೆದ ಚರ್ಮದ ಪಟ್ಟಿ ಇನ್ನೂ ಇದೆ. ಅವನು ಸತ್ತು ಎರಡು ಸಾವಿರ ವರ್ಷಗಳಿಗೂ ಹೆಚ್ಚು ಕಾಲವಾಯಿತಾದರೂ, ಆಮ್ಲವಿದ್ದು ಪ್ರಾಣವಾಯುವಿಲ್ಲದ ಜೌಗಿನ ನೀರು ಆ ಕೈಗಳನ್ನು ಕಾಪಾಡಿಕೊಂಡು ಬಂದಿದೆ: ಉಗುರುಗಳು ನುಣುಪಾಗಿ ಕತ್ತರಿಸಿದಂತಿವೆ, ಬೆರಳ ತುದಿಯ ಗೆರೆಗಳು ಅಳಿದಿಲ್ಲ, ಗೆಣ್ಣುಗಳ ಮೇಲಿನ ಚರ್ಮದ ಮಡಿಕೆಗಳು ಕಾಣಿಸುತ್ತವೆ. ಕಾಯಕಷ್ಟದ ಕುರುಹಿಲ್ಲದ ಆ ಕೈಗಳನ್ನು ನೋಡಿ ಅವನು ಕುಲೀನನೆಂದೂ, ರಾಜ್ಯದ ಸಮೃದ್ಧಿಗಾಗಿ ಸೀಮೆಯ ಗಡಿಯಲ್ಲಿ ಬಲಿಯಾದವನಿರಬಹುದೆಂದೂ ವಿದ್ವಾಂಸರು ಊಹಿಸುತ್ತಾರೆ. ಕೆಲವು ದಿನಗಳ ಹಿಂದೆ ಜೌಗಿನ ತುಂಡನ್ನು ಕೈಯಲ್ಲಿ ಹಿಡಿದು ನೋಡದೆ ನಾನು ಇಲ್ಲಿಗೆ ಬಂದಿದ್ದರೆ, ಇದು ಭಯವನ್ನೋ ಕುತೂಹಲವನ್ನೋ ಹುಟ್ಟಿಸಿ ಮುಗಿದುಹೋಗುತ್ತಿತ್ತು. ಈಗಲಾದರೋ ಹುಲ್ಲಿನ ಬೇರನ್ನು ಉಳಿಸಿದ ಮಣ್ಣೇ ಮನುಷ್ಯನ ಬೆರಳನ್ನೂ ಉಳಿಸಿತೆಂಬುದು ನನ್ನ ಅಂಗೈಗೆ ಗೊತ್ತಿತ್ತು. ಹೊಲಹೊಲದ ಪೈರು ಕಣಕ್ಕೆ ಬಂದು ರಾಶಿಯಾಗುವಂತೆ, ಪಶ್ಚಿಮದಲ್ಲಿ ಬಿಡಿಬಿಡಿಯಾಗಿ ಕಂಡದ್ದೆಲ್ಲ ಡಬ್ಲಿನ್ನಿನಲ್ಲಿ ಕೂಡಿಕೊಂಡಿತು.

ಕ್ರಿಸ್ತಶಕ 800ರ ಆಸುಪಾಸಿನಲ್ಲಿ ಕರುವಿನ ಚರ್ಮದ ಹಾಳೆಗಳ ಮೇಲೆ ಸನ್ಯಾಸಿಗಳು ಬರೆದ ಕೆಲ್ಸ್ ಗ್ರಂಥವನ್ನು ಟ್ರಿನಿಟಿ ಕಾಲೇಜಿನಲ್ಲಿ ನೋಡಿದಾಗಲೂ, ಕ್ಲೇರ್ ಮತ್ತು ಸ್ಲೈಗೋಗಳಲ್ಲಿ ನಾವು ಕಂಡು ಬಂದಿದ್ದ ಶಿಲುಬೆಗಳೂ ಪಾಳುಬಿದ್ದ ಮಠಗಳೂ ಅದರ ಹಿಂದೆ ನಿಂತು ಅರ್ಥ ಕೊಟ್ಟವು.

ಇವೆಲ್ಲಕ್ಕಿಂತ ಹೆಚ್ಚಾಗಿ ಕನ್ನಡಿಗನಾದ ನನ್ನನ್ನು ಡಬ್ಲಿನ್ನಿಗೆ ಎಳೆದದ್ದು ಜೇಮ್ಸ್ ಕಸಿನ್ಸ್ ಎಂಬ ಐರಿಷ್ ಕವಿಯ ಋಣ. 1873ರಲ್ಲಿ ಬೆಲ್‌ಫಾಸ್ಟಿನಲ್ಲಿ ಹುಟ್ಟಿದ ಅವರು ಯೌವನದಲ್ಲಿ ಡಬ್ಲಿನ್ನಿಗೆ ಬಂದು, 1904ರಲ್ಲಿ ಸ್ಥಾಪಿತವಾದ ಆಬಿ ಥಿಯೇಟರಿಗೆ ಜನ್ಮಕೊಟ್ಟ ನಾಟಕ ಚಳವಳಿಯಲ್ಲಿ ನಟರಾಗಿಯೂ ನಾಟಕಕಾರರಾಗಿಯೂ ಪಾಲ್ಗೊಂಡು, 1915ರಲ್ಲಿ ಭಾರತಕ್ಕೆ ಬಂದರು. 1924ರಲ್ಲಿ ಮೈಸೂರಿಗೆ ಬಂದಿದ್ದ ಅವರಿಗೆ, ಆಗ ವಿದ್ಯಾರ್ಥಿಯಾಗಿದ್ದ ಕುವೆಂಪು ತಮ್ಮ ಇಂಗ್ಲಿಷ್ ಕವನಗಳನ್ನು ತೋರಿಸಿದರೆಂಬುದೂ, ಕಸಿನ್ಸ್ ಅವುಗಳನ್ನು ಓದಿ ನಿಮ್ಮ ಮಾತೃಭಾಷೆಯಲ್ಲಿ ಏನು ಬರೆದಿದ್ದೀರೆಂದು ಕೇಳಿ, ಕನ್ನಡದಲ್ಲಿ ಬರೆಯುವಂತೆ ಬೋಧಿಸಿದರೆಂಬುದೂ ಕನ್ನಡ ಸಾಹಿತ್ಯಚರಿತ್ರೆಯಲ್ಲಿ ಪ್ರಸಿದ್ಧವಾದ ಸಂಗತಿ. ತಮ್ಮ ನಾಡಿನ ಕಥೆಗಳನ್ನೂ ತಮ್ಮ ಜನರ ಮಾತಿನ ಲಯವನ್ನೂ ರಂಗಕ್ಕೆ ತರಬೇಕೆಂದು ಹೋರಾಡಿದವರ ನಡುವೆ ಬೆಳೆದವರ ಬಾಯಿಂದ ಆ ಮಾತು ಬಂದದ್ದು ಸಹಜವೆಂದು, ಲಿಫಿ ನದಿಯನ್ನು ದಾಟಿ ಆಬಿ ಥಿಯೇಟರಿನ ಮುಂದೆ ನಿಂತಾಗ ನನಗೆ ಅನಿಸಿತು. ಹಳೆಯ ರಂಗಮಂದಿರ 1951ರಲ್ಲಿ ಬೆಂಕಿಗೆ ತುತ್ತಾಗಿ, ಈಗಿನದು 1966ರಲ್ಲಿ ತೆರೆದದ್ದು; ನೋಟಕ್ಕೆ ಸುಂದರವೆಂದು ಹೇಳುವಂತಿಲ್ಲ. ಆದರೆ ರವೀಂದ್ರರ 'ಅಂಚೆಮನೆ' ನಾಟಕ 1913ರಲ್ಲಿ ಇದೇ ಸಂಸ್ಥೆಯ ರಂಗವನ್ನೇರಿತ್ತೆಂಬುದನ್ನೂ, ಈ ಊರಿನಲ್ಲಿ ಬಾಳಿದವರೊಬ್ಬರ ಮಾತು ಕುಪ್ಪಳಿಯ ಹುಡುಗನನ್ನು ಕನ್ನಡಕ್ಕೆ ತಿರುಗಿಸಿತೆಂಬುದನ್ನೂ ನೆನೆದಾಗ, ಆ ಬೀದಿಯಲ್ಲಿ ಕಳೆದ ಅರ್ಧ ಗಂಟೆ ಯಾವ ಅರಮನೆಯ ದರ್ಶನಕ್ಕೂ ಕಡಿಮೆಯಾದುದಲ್ಲವೆಂದು ತೋರಿತು.

ಕಸಿನ್ಸರ ಜನ್ಮಸ್ಥಳವಾದ ಬೆಲ್‌ಫಾಸ್ಟ್ ಡಬ್ಲಿನ್ನಿನಿಂದ ರೈಲಿನಲ್ಲಿ ಎರಡು ಗಂಟೆಯ ದಾರಿ. ಗಡಿಯಲ್ಲಿ ಠಾಣೆಯಿಲ್ಲದ ಕಾರಣ ಹೋಗಿಬಂದರೆ ಕೇಳುವವರಾರು ಎಂದು ಕೆಲವರು ಭಾವಿಸುವುದುಂಟು, ಅದು ಸರಿಯಲ್ಲ. ಅಲ್ಲಿಂದಾಚೆಗೆ ಬ್ರಿಟನ್ನಿನ ಕಾನೂನು ನಡೆಯುವುದರಿಂದ, ಮೇಲೆ ಹೇಳಿದ ನಮೂದಿಲ್ಲದ ಐರಿಷ್ ವೀಸಾದವರು ಆ ರೈಲು ಹತ್ತಬಾರದು. ನಮಗೆ ಅನುಮತಿಯಿದ್ದರೂ ನಾವು ಹೋಗಲಿಲ್ಲ. ಇದ್ದ ಸ್ವಲ್ಪ ಕಾಲವನ್ನು ಎರಡು ಊರುಗಳಿಗೆ ಹಂಚಿದರೆ ಎರಡೂ ಕೈಗೆ ಹತ್ತುತ್ತಿರಲಿಲ್ಲ.

ಹೊರಡುವವರಿಗೆ ಅನುಭವದಿಂದ ಹೇಳಬಹುದಾದ ಮಾತುಗಳಿವು. ನಗರವನ್ನು ಯಾತ್ರೆಯ ಅಂತ್ಯಕ್ಕಿಡಿ. ನಾಡನ್ನು ಕಂಡ ಕಣ್ಣಿಗೆ ರಾಜಧಾನಿ ಹೆಚ್ಚು ತೋರಿಸುತ್ತದೆ. ಬೇಸಗೆಯಲ್ಲಿ ಡಬ್ಲಿನ್ನಿನ ವಸತಿ ದುಬಾರಿ. ಆದರೂ ದೂರದ ಅಗ್ಗದ ಕೋಣೆಗಿಂತ ಟ್ರಿನಿಟಿ ಕಾಲೇಜಿಗೆ ನಡೆದುಹೋಗುವಷ್ಟು ಹತ್ತಿರದ ಚಿಕ್ಕ ಕೋಣೆ ಮೇಲು, ಏಕೆಂದರೆ ಅಲ್ಪವಾಸದಲ್ಲಿ ಉಳಿಸಬೇಕಾದುದು ಹಣಕ್ಕಿಂತ ಹೆಚ್ಚಾಗಿ ಹೊತ್ತು. ಕೆಲ್ಸ್ ಗ್ರಂಥದ ದರ್ಶನಕ್ಕೆ ಮುಂಗಡ ಟಿಕೆಟ್ಟು ಮಾಡಿಸಿ. ಕಿಲ್ಡೇರ್ ಬೀದಿಯ ಸಂಗ್ರಹಾಲಯ ಭಾನುವಾರ ಸೋಮವಾರಗಳಲ್ಲಿ ಮಧ್ಯಾಹ್ನದ ಮೇಲೆಯೇ ತೆರೆಯುವುದೆಂಬುದನ್ನು ನೆನಪಿಡಿ. ನೋಡತಕ್ಕವುಗಳ ಪಟ್ಟಿಯಲ್ಲಿ ಎರಡು ಮೂರನ್ನು ಮಾತ್ರ ಉಳಿಸಿಕೊಂಡು ಮಿಕ್ಕದ್ದನ್ನು ನಿಸ್ಸಂಕೋಚವಾಗಿ ಬಿಡಿ. ನಡುವೆ ಒಂದು ನಗರವನ್ನು ಸೇರಿಸಬೇಕೆ ಬೇಡವೆ ಎಂದು ತೂಗುವಾಗ, ಆ ನಗರ ದೊಡ್ಡದೇ, ಪ್ರಸಿದ್ಧವೇ, ದಾರಿಯಲ್ಲಿದೆಯೇ ಎಂದು ಕೇಳುವುದಕ್ಕಿಂತ, ನಾನು ಹೊರಟಿರುವ ಯಾತ್ರೆಗೆ ಅದು ಏನನ್ನು ಸೇರಿಸುತ್ತದೆ ಎಂದು ಕೇಳಿಕೊಳ್ಳುವುದು ವಿಹಿತ. ಲಂಡನ್ನಿನ ಹಂಬಲ ನನಗೆ ಇಂದಿಗೂ ಇದೆ. ತಮ್ಮನ ಮಗನಿಗೂ ಹಾಗೆಂದೇ ಹೇಳಿದ್ದೇನೆ. ಅಂಥ ನಗರಕ್ಕೆ ಹೋಗುವುದಾದರೆ ಅದನ್ನೇ ಗುರಿಯಾಗಿ ಇಟ್ಟುಕೊಂಡು, ಅದಕ್ಕೆ ತಕ್ಕಷ್ಟು ದಿನಗಳನ್ನು ಕೈಯಲ್ಲಿ ಹಿಡಿದು, ಅದಕ್ಕಾಗಿಯೇ ಹೋಗಬೇಕು.