ಹೆರಿಗೆಯ ಹೊತ್ತನ್ನು ಗೊತ್ತುಮಾಡುವವರು ಯಾರು?

ಸುಶ್ರುತ ಸಂಹಿತೆಯ ಮೂಢಗರ್ಭ ನಿದಾನದಲ್ಲಿ ಒಂದು ಹೋಲಿಕೆಯಿದೆ. ಕಾಲ ಪಕ್ವವಾದಾಗ ಹಣ್ಣು ತೊಟ್ಟಿನಿಂದ ತಾನೇ ಕಳಚಿಕೊಳ್ಳುವಂತೆ, ಗರ್ಭವೂ ಹೊಕ್ಕುಳಬಳ್ಳಿಯ ಬಂಧನದಿಂದ ಬಿಡಿಸಿಕೊಂಡು ಜನನಕ್ಕೆ ಅಣಿಯಾಗುತ್ತದೆ ಎಂಬುದು ಅದರ ತಾತ್ಪರ್ಯ. ವಿದ್ಯಾರ್ಥಿದೆಸೆಯಲ್ಲಿ ನಾವು ಇದನ್ನು ಕಂಠಪಾಠ ಮಾಡಿದೆವೇ ಹೊರತು, ಹಣ್ಣಾಯಿತೆಂದು ತಿಳಿಸುವವರು ತಾಯಿಯೋ ಶಿಶುವೋ ಎಂದು ಕೇಳಿಕೊಂಡಿರಲಿಲ್ಲ.

ಇದಕ್ಕೆ ಸ್ಪಷ್ಟ ಉತ್ತರ ದೊರೆತದ್ದು ಕುರಿಗಳಿಂದ. ಕುರಿಯ ಗರ್ಭಕಾಲ ಸುಮಾರು 150 ದಿನ. 1960ರ ದಶಕದಲ್ಲಿ ನ್ಯೂಜಿಲೆಂಡಿನ ವೈದ್ಯ ಗ್ರಹಾಂ ಲಿಗಿನ್ಸ್ ಅವರು ಗರ್ಭದಲ್ಲಿದ್ದ ಮರಿಯ ಪಿಟ್ಯುಟರಿ ಗ್ರಂಥಿಯನ್ನು ನಾಶಪಡಿಸಿದಾಗ, ದಿನ ತುಂಬಿದರೂ ತಾಯಿ ಈಯಲಿಲ್ಲ. ಮರಿ ಒಳಗೇ ಬೆಳೆಯುತ್ತ ಹೋಯಿತು. ಮರಿಗೆ ಕಾರ್ಟಿಸಾಲ್ ಕೊಟ್ಟಾಗಲೋ, ದಿನ ತುಂಬುವ ಮೊದಲೇ ಹೆರಿಗೆಯಾಯಿತು. ಕರೆ ಹೊರಡುವುದು ಮರಿಯಿಂದ!

ದಿನ ಸಮೀಪಿಸಿದಂತೆ ಮರಿಯ ಪಿಟ್ಯುಟರಿಯು ಅದರ ಅಡ್ರಿನಲ್ ಗ್ರಂಥಿಯನ್ನು ಪ್ರಚೋದಿಸಿ ಕಾರ್ಟಿಸಾಲನ್ನು ಹೆಚ್ಚಿಸುತ್ತದೆ. ಅದು ಮಾಸಿನಲ್ಲಿರುವ ಕಿಣ್ವವನ್ನು ಚುರುಕುಗೊಳಿಸಲು, ಅಲ್ಲಿಯವರೆಗೆ ಗರ್ಭಕೋಶವನ್ನು ಶಾಂತವಾಗಿಟ್ಟಿದ್ದ ಪ್ರೊಜೆಸ್ಟರಾನ್ ಇಳಿದು ಈಸ್ಟ್ರೊಜನ್ ಏರುತ್ತದೆ. ಬಳಿಕ ಪ್ರೊಸ್ಟಾಗ್ಲಾಂಡಿನ್ ಹೆಚ್ಚಿ ಗರ್ಭಕೋಶದ ಕೊರಳು ಮೆದುವಾಗುತ್ತದೆ. ಸ್ನಾಯುಗಳು ಆಕ್ಸಿಟೋಸಿನ್‌ಗೆ ಓಗೊಡಲು ಸಿದ್ಧವಾಗುತ್ತವೆ. ಅಪಾನವಾಯುವಿನ ಕಾರ್ಯವೆಂದು ನಾವು ಹೇಳುವುದು ಇಲ್ಲಿಂದ ಕಣ್ಣಿಗೆ ಕಾಣತೊಡಗುತ್ತದೆ.

ಕುರಿಯ ಲೆಕ್ಕವನ್ನು ಮನುಷ್ಯರಿಗೆ ಹಾಗೆಯೇ ಅನ್ವಯಿಸಲಾಗದು. ಸ್ತ್ರೀಯರ ರಕ್ತದಲ್ಲಿ ಬೇನೆಗೆ ಮುನ್ನ ಪ್ರೊಜೆಸ್ಟರಾನ್ ಇಳಿಯುವುದಿಲ್ಲ. ಗರ್ಭಕೋಶವೇ ಅದರ ಮಾತಿಗೆ ಕಿವಿಗೊಡುವುದನ್ನು ಕ್ರಮೇಣ ಬಿಡುತ್ತದೆ. ಆದರೆ ಒಂದು ಸಂಗತಿ ಇಬ್ಬರಿಗೂ ಸಮಾನ. ಅವಧಿಗೆ ಮುನ್ನ ಹುಟ್ಟಿದ ಆ ಕುರಿಮರಿಗಳಲ್ಲಿ ಕೆಲವು, ಬದುಕಬಾರದ ವಯಸ್ಸಿನಲ್ಲಿಯೂ ಉಸಿರಾಡಿದವು. ಕಾರ್ಟಿಸಾಲ್ ಶ್ವಾಸಕೋಶವನ್ನೂ ಪಕ್ವಗೊಳಿಸಿತ್ತು. ಅವಧಿಪೂರ್ವ ಹೆರಿಗೆಯ ಭಯವಿರುವ ತಾಯಂದಿರಿಗೆ ಈ ಬಗೆಯ ಔಷಧವನ್ನು ಚುಚ್ಚಿದರೆ ಶಿಶುವಿನ ಉಸಿರಾಟದ ತೊಂದರೆ ತಗ್ಗುತ್ತದೆಂದು ಲಿಗಿನ್ಸ್ ಮತ್ತು ಹೋವಿ 1972ರಲ್ಲಿ ಪ್ರಕಟಿಸಿದರು. ಆ ಚಿಕಿತ್ಸೆ ಇಂದಿಗೂ ಬಳಕೆಯಲ್ಲಿದೆ.

ಎಂಟೂವರೆ ತಿಂಗಳಿಗೇ ಒಳ್ಳೆಯ ನಕ್ಷತ್ರವಿದೆ, ಆಪರೇಷನ್ ಮಾಡಿಸಬಹುದೇ ಎಂದು ಪಂಚಾಂಗ ಹಿಡಿದು ಕೇಳುವ ಹಿರಿಯರು ನಮ್ಮಲ್ಲಿಗೂ ಬರುತ್ತಾರೆ. ತಾಯಿಯ ರಕ್ತದೊತ್ತಡ ಏರಿದ್ದರೆ, ಶಿಶುವಿನ ಬೆಳವಣಿಗೆ ಕುಂಠಿತವಾಗಿದ್ದರೆ, ಇಲ್ಲವೇ ದಿನ ಮೀರಿದ್ದರೆ ಪ್ರಸೂತಿ ತಜ್ಞರು ಹೇಳಿದ ದಿನವೇ ಸರಿ, ತಡ ಮಾಡಲಾಗದು. ಅಂಥ ಕಾರಣವಿಲ್ಲದೆ 39 ವಾರಕ್ಕೆ ಮೊದಲೇ ಶಸ್ತ್ರಚಿಕಿತ್ಸೆಯಿಂದ ಹೊರತೆಗೆದ ಶಿಶುಗಳಲ್ಲಿ ಉಸಿರಾಟದ ತೊಂದರೆ ಹೆಚ್ಚು. ಆ ಹಿರಿಯರಿಗೆ ನಾವು ಈ ಕುರಿಮರಿಯ ಕಥೆಯನ್ನೇ ಹೇಳುತ್ತೇವೆ. ಕುರಿ ಸಾಕಿದವರು ಬೇಗ ಒಪ್ಪುತ್ತಾರೆ.