ರಕ್ತದ ಪ್ರೋಟೀನು ಏನು ಹೇಳುತ್ತದೆ, ಏನು ಹೇಳುವುದಿಲ್ಲ?

ಪಶು ಆರೋಗ್ಯ ಪ್ರಶ್ನೋತ್ತರ

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವುಗಳ ಜೊತೆ ಲ್ಯಾಬ್ ರಿಪೋರ್ಟಿನ ಪ್ರತಿಯೂ ಇತ್ತು. ಯಾವುದೋ ಪ್ರೋಟೀನಿನ ಮುಂದೆ ದಪ್ಪಕ್ಷರದ ಸಂಖ್ಯೆ, ಪಕ್ಕದಲ್ಲಿ ಮೇಲ್ಮುಖದ ಬಾಣ, ಕೆಳಗೆ ಓದುಗರ ಆತಂಕ. ಇಂಥ ಪ್ರೋಟೀನುಗಳನ್ನು ಜೈವಿಕ ಸೂಚಕಗಳು ಎನ್ನುತ್ತೇವೆ. ಅವು ಎಲ್ಲಿ ನೆರವಾಗುತ್ತವೆ, ಎಲ್ಲಿ ದಾರಿ ತಪ್ಪಿಸುತ್ತವೆ ಎಂಬುದನ್ನು ಈ ಪತ್ರಗಳ ಮೂಲಕವೇ ನೋಡೋಣ.

ಪ್ರಶ್ನೆ: ಡಾಕ್ಟ್ರೇ, ನಮ್ಮ ಲ್ಯಾಬ್ರಡಾರ್ ನಾಯಿಗೆ ಒಂಬತ್ತು ವರ್ಷ. ಮಂಕಾಗಿದ್ದಾನೆ ಅಂತ ರಕ್ತ ಪರೀಕ್ಷೆ ಮಾಡಿಸಿದೆವು. ಸಿಆರ್‌ಪಿ 68 ಬಂದಿದೆ. ಮೊಬೈಲಿನಲ್ಲಿ ಹುಡುಕಿದರೆ ಕ್ಯಾನ್ಸರ್ ಎನ್ನುತ್ತದೆ. ಮನೆಯವರಿಗೆಲ್ಲ ನಿದ್ದೆ ಇಲ್ಲ.
– ಓದುಗರೊಬ್ಬರು, ಮೈಸೂರು

ಉತ್ತರ: ಮೊದಲು ಧೈರ್ಯ ತಂದುಕೊಳ್ಳಿ. ಸಿಆರ್‌ಪಿ ಅಂದರೆ ಸಿ-ರಿಯಾಕ್ಟಿವ್ ಪ್ರೋಟೀನ್. ದೇಹದಲ್ಲಿ ಎಲ್ಲಾದರೂ ಉರಿಯೂತ ಶುರುವಾದರೆ ಪಿತ್ತಜನಕಾಂಗ ಇದನ್ನು ಹೆಚ್ಚಾಗಿ ತಯಾರಿಸಿ ರಕ್ತಕ್ಕೆ ಬಿಡುತ್ತದೆ. 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ವಿಲಿಯಂ ಟಿಲೆಟ್ ಮತ್ತು ಥಾಮಸ್ ಫ್ರಾನ್ಸಿಸ್ ಇದನ್ನು ಮೊದಲು ಗುರುತಿಸಿದ್ದು ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ. ಅಂದರೆ ಸೋಂಕಿನ ಕಾಯಿಲೆಯಲ್ಲೇ ಇದು ಮೊದಲು ಬೆಳಕಿಗೆ ಬಂತು.

ಆರೋಗ್ಯವಂತ ನಾಯಿಯಲ್ಲಿ ಇದು ಸಾಮಾನ್ಯವಾಗಿ ಲೀಟರಿಗೆ 10 ಮಿಲಿಗ್ರಾಂ ಒಳಗಿರುತ್ತದೆ. ಲ್ಯಾಬಿನಿಂದ ಲ್ಯಾಬಿಗೆ ಈ ಮಿತಿ ಸ್ವಲ್ಪ ಬದಲಾಗುತ್ತದೆ. ಉರಿಯೂತ ಶುರುವಾದ ಕೆಲವೇ ಗಂಟೆಗಳಲ್ಲಿ ಏರಿ, ಒಂದೆರಡು ದಿನದಲ್ಲಿ ತುದಿ ಮುಟ್ಟುತ್ತದೆ. ನ್ಯುಮೋನಿಯಾ, ಹೆಣ್ಣು ನಾಯಿಗಳ ಗರ್ಭಕೋಶದಲ್ಲಿ ಕೀವು ತುಂಬುವುದು, ಮೇದೋಜೀರಕ ಗ್ರಂಥಿಯ ಊತ, ಪಾರ್ವೊ, ಈಚೆಗೆ ಆದ ಆಪರೇಷನ್, ಯಾವುದರಿಂದಲಾದರೂ ಏರಬಹುದು. ಲಿಂಫೋಮಾದಂಥ ಕೆಲವು ಕ್ಯಾನ್ಸರುಗಳಲ್ಲೂ ಏರುತ್ತದೆ. ಒಳಗೆ ಉರಿಯೂತವಿದೆ ಎಂದಷ್ಟೇ ಸಿಆರ್‌ಪಿ ಹೇಳಬಲ್ಲದು. ಎಲ್ಲಿದೆ, ಏಕಿದೆ ಎಂದು ಹುಡುಕಬೇಕಾದ್ದು ವೈದ್ಯರ ಕೈ, ಕಣ್ಣು, ಎಕ್ಸ್‌ರೇ, ಸ್ಕ್ಯಾನ್.

ನಾಯಿಯನ್ನು ನಿಮ್ಮ ಪಶುವೈದ್ಯರಿಂದ ಮೂಗಿನಿಂದ ಬಾಲದವರೆಗೆ ಪರೀಕ್ಷೆ ಮಾಡಿಸಿ. ಕಾರಣ ಸಿಕ್ಕಿ ಚಿಕಿತ್ಸೆ ಶುರುವಾದ ಮೇಲೆ ಸಿಆರ್‌ಪಿಯನ್ನು ಮತ್ತೆ ಅಳೆಸಿ. ಈ ಪರೀಕ್ಷೆಯ ನಿಜವಾದ ಬಲ ಇರುವುದು ಅಲ್ಲೇ. ಔಷಧ ಹಿಡಿಯುತ್ತಿದ್ದರೆ ಸಂಖ್ಯೆ ಬೇಗ ಇಳಿಯುತ್ತದೆ. ಇಳಿಯದಿದ್ದರೆ ರೋಗನಿರ್ಣಯವನ್ನು ಮತ್ತೊಮ್ಮೆ ಯೋಚಿಸಬೇಕು. ಇನ್ನೊಂದು ಮಾತು ಕೇಳಿಕೊಳ್ಳಿ: ಈ ಪರೀಕ್ಷೆ ನಾಯಿಯ ರಕ್ತಕ್ಕೆ ಒಪ್ಪುವ ಕಿಟ್‌ನಲ್ಲಿ ಆಗಿದೆಯೇ? ಮನುಷ್ಯರಿಗೆಂದು ಮಾಡಿದ ಎಲ್ಲ ಕಿಟ್‌ಗಳೂ ನಾಯಿಯ ಸಿಆರ್‌ಪಿಯನ್ನು ಸರಿಯಾಗಿ ಗುರುತಿಸುವುದಿಲ್ಲ.

ಪ್ರಶ್ನೆ: ನಮ್ಮ ಬೆಕ್ಕು ನಾಲ್ಕು ದಿನದಿಂದ ಊಟ ಬಿಟ್ಟಿದೆ. ಸಿಆರ್‌ಪಿ ನಾರ್ಮಲ್ ಎಂದು ರಿಪೋರ್ಟ್ ಬಂತು. ಹಾಗಾದರೆ ಕಾಯಿಲೆ ಇಲ್ಲವೆಂದೇ?
– ಓದುಗರೊಬ್ಬರು, ಮಂಗಳೂರು

ಉತ್ತರ: ಇಲ್ಲ, ಆ ರಿಪೋರ್ಟ್ ನೋಡಿ ಸಮಾಧಾನ ಪಡಬೇಡಿ. ಬೆಕ್ಕಿಗೆ ಎಷ್ಟೇ ಉರಿಯೂತವಿದ್ದರೂ ಸಿಆರ್‌ಪಿ ನಾಯಿಯಲ್ಲಿ ಏರುವಂತೆ ಏರುವುದಿಲ್ಲ. ಪ್ರತಿ ಪ್ರಾಣಿಯ ಪಿತ್ತಜನಕಾಂಗ ತನ್ನದೇ ಪ್ರೋಟೀನುಗಳನ್ನು ಮುಂದಿಡುತ್ತದೆ. ಬೆಕ್ಕು ಮತ್ತು ಕುದುರೆಯಲ್ಲಿ ನೋಡಬೇಕಾದ್ದು ಸೀರಮ್ ಅಮೈಲಾಯ್ಡ್-ಎ. ಹಸುವಿನಲ್ಲಿ ಅದರ ಜೊತೆ ಹ್ಯಾಪ್ಟೊಗ್ಲೋಬಿನ್. ಬೆಕ್ಕು ಹಲವು ದಿನ ಊಟ ಬಿಟ್ಟರೆ ಪಿತ್ತಜನಕಾಂಗದಲ್ಲಿ ಕೊಬ್ಬು ತುಂಬಿ ಪ್ರಾಣಕ್ಕೇ ಕುತ್ತು ಬರುತ್ತದೆ. ಇಂದೇ ಆಸ್ಪತ್ರೆಗೆ ಕರೆದೊಯ್ಯಿರಿ.

ಪ್ರಶ್ನೆ: ನಮ್ಮ ನಾಯಿಗೆ ಆಗಾಗ ಜ್ವರ, ಮೂಗಿನಲ್ಲಿ ರಕ್ತ. ಗ್ಲೋಬ್ಯುಲಿನ್ ತುಂಬಾ ಹೆಚ್ಚಿದೆ, ಮೂಳೆ ಮಜ್ಜೆಯ ಕ್ಯಾನ್ಸರ್ ಇರಬಹುದು ಎಂದಿದ್ದಾರೆ. ಬೇಸಿಗೆಯಲ್ಲಿ ಮೈತುಂಬ ಉಣ್ಣೆ ಇದ್ದವು. ಏನು ಮಾಡಲಿ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಉಣ್ಣೆಯ ವಿಷಯ ಬರೆದು ಒಳ್ಳೆಯದು ಮಾಡಿದಿರಿ. ನಿಮ್ಮ ಪತ್ರದಲ್ಲಿ ಅದೇ ಮುಖ್ಯವಾದ ಸುಳಿವು.

ಮಜ್ಜೆಯ ಪ್ಲಾಸ್ಮಾ ಕೋಶಗಳ ಕೆಲಸ ಗ್ಲೋಬ್ಯುಲಿನ್ ಗುಂಪಿಗೆ ಸೇರಿದ ಪ್ರತಿಕಾಯಗಳನ್ನು ತಯಾರಿಸುವುದು. ಅವುಗಳಲ್ಲಿ ಒಂದು ವಂಶ ಕ್ಯಾನ್ಸರಾಗಿ ಬೆಳೆದರೆ ಒಂದೇ ಬಗೆಯ ಪ್ರೋಟೀನು ರಾಶಿ ಬೀಳುತ್ತದೆ. ಇದು ಮಲ್ಟಿಪಲ್ ಮೈಲೋಮಾ. ಕ್ಯಾನ್ಸರಿನ ಮೊದಲ ಸೂಚಕ ಪ್ರೋಟೀನು ಸಿಕ್ಕಿದ್ದೂ ಈ ರೋಗದಲ್ಲೇ. ಲಂಡನ್ನಿನ ವೈದ್ಯ ಹೆನ್ರಿ ಬೆನ್ಸ್ ಜೋನ್ಸ್ ಒಬ್ಬ ರೋಗಿಯ ಮೂತ್ರದಲ್ಲಿ ವಿಚಿತ್ರ ಪ್ರೋಟೀನನ್ನು ಕಂಡು 1847ರಲ್ಲಿ ವರದಿ ಮಾಡಿದರು. ಬಿಸಿ ಮಾಡಿದಾಗ ಅದು ಗರಣೆ ಕಟ್ಟುತ್ತಿತ್ತು, ಕುದಿಸಿದಾಗ ಮತ್ತೆ ಕರಗುತ್ತಿತ್ತು. ಮೈಲೋಮಾ ಇರುವ ನಾಯಿಗಳ ಮೂತ್ರದಲ್ಲೂ ಬೆನ್ಸ್ ಜೋನ್ಸ್ ಪ್ರೋಟೀನು ಬರುವುದುಂಟು. ಸಾಮಾನ್ಯ ಮೂತ್ರದ ಪಟ್ಟಿ ಮುಖ್ಯವಾಗಿ ಆಲ್ಬುಮಿನ್‌ಗೆ ಬಣ್ಣ ಬದಲಿಸುವುದರಿಂದ ಇದು ಅದರ ಕಣ್ಣಿಗೆ ಬೀಳದೆ ಹೋಗಬಹುದು.

ಆದರೆ ಗ್ಲೋಬ್ಯುಲಿನ್ ಏರಿದ್ದೆಲ್ಲ ಮೈಲೋಮಾ ಅಲ್ಲ. ಕಂದು ಉಣ್ಣೆಯಿಂದ ಹರಡುವ ಎರ್ಲಿಕಿಯಾ ಸೋಂಕು ಹಳೆಯದಾದಾಗ ಗ್ಲೋಬ್ಯುಲಿನ್ ಮಿತಿಮೀರಿ ಏರುತ್ತದೆ, ಪ್ಲೇಟ್‌ಲೆಟ್ ಕುಸಿಯುತ್ತದೆ, ಮೂಗಿನಿಂದ ರಕ್ತ ಬರುತ್ತದೆ. ಕೆಲವು ನಾಯಿಗಳಲ್ಲಿ, ರಕ್ತದ ಪ್ರೋಟೀನುಗಳನ್ನು ವಿದ್ಯುತ್ತಿನ ನೆರವಿನಿಂದ ಬೇರ್ಪಡಿಸಿ ನೋಡುವ ಎಲೆಕ್ಟ್ರೊಫೊರೆಸಿಸ್ ಮಾಡಿದಾಗಲೂ ಮೈಲೋಮಾದಂತೆಯೇ ಒಂದೇ ಚೂಪಾದ ಶಿಖರ ಕಾಣಿಸುತ್ತದೆ. ನಮ್ಮ ಉಷ್ಣ ಹವೆಯಲ್ಲಿ ಈ ಉಣ್ಣೆ ಜ್ವರ ಸಾಮಾನ್ಯ, ಮೈಲೋಮಾ ಅಪರೂಪ. ಹಾಗಾಗಿ ಮೊದಲು ಎರ್ಲಿಕಿಯಾ ಪರೀಕ್ಷೆ ಮಾಡಿಸಿ. ಅದಿದ್ದರೆ ಡಾಕ್ಸಿಸೈಕ್ಲಿನ್ ಇದೆ, ಸಾಮಾನ್ಯವಾಗಿ ನಾಲ್ಕು ವಾರ ಕೊಡುತ್ತಾರೆ; ಪ್ರಮಾಣವನ್ನು ನಿಮ್ಮ ವೈದ್ಯರೇ ಹೇಳಬೇಕು. ಮೈಲೋಮಾ ಎಂದು ತೀರ್ಮಾನಿಸಲು ಮಜ್ಜೆಯ ಪರೀಕ್ಷೆ, ಮೂಳೆಗಳ ಎಕ್ಸ್‌ರೇ, ಎಲೆಕ್ಟ್ರೊಫೊರೆಸಿಸ್, ಮೂತ್ರ ಪರೀಕ್ಷೆ ಇವುಗಳಲ್ಲಿ ಒಂದಕ್ಕಿಂತ ಹೆಚ್ಚು ಸಾಕ್ಷ್ಯ ಬೇಕು. ಗುಣವಾಗಬಲ್ಲ ಸೋಂಕನ್ನು ಕ್ಯಾನ್ಸರೆಂದು ತಿಳಿದು ಕೈಚೆಲ್ಲುವುದು ನಾಯಿಗೆ ಮಾಡುವ ದೊಡ್ಡ ಅನ್ಯಾಯ.

ಪ್ರಶ್ನೆ: ನಮ್ಮ ಎಚ್‌ಎಫ್ ಹಸು ಹಾಲು ಇಳಿಸಿದೆ. ಕೆಚ್ಚಲು ಊದಿಲ್ಲ, ಹಾಲು ಒಡೆದಿಲ್ಲ. ಹಾಲಿನ ಪ್ರೋಟೀನ್ ನೋಡಿ ಕೆಚ್ಚಲು ಬಾವು ಮೊದಲೇ ಕಂಡುಹಿಡಿಯಬಹುದು ಎಂದು ಕೇಳಿದೆ. ನಿಜವೇ ಸಾರ್?
– ಹೈನುಗಾರರೊಬ್ಬರು, ಚನ್ನರಾಯಪಟ್ಟಣ

ಉತ್ತರ: ನಿಜ. ಹ್ಯಾಪ್ಟೊಗ್ಲೋಬಿನ್ ಆರೋಗ್ಯವಂತ ಹಸುವಿನ ರಕ್ತದಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಕಾಯಿಲೆ ಬಿದ್ದಾಗ ನೂರು ಪಟ್ಟಿಗೂ ಮೀರಿ ಏರಬಲ್ಲದು. ಕೆಚ್ಚಲಿನ ಅಂಗಾಂಶವೇ ತಯಾರಿಸುವ ಅಮೈಲಾಯ್ಡ್-ಎ ಬಗೆಯೊಂದು ಇದೆ. ಕೆಚ್ಚಲು ಬಾವಿನಲ್ಲಿ ಅದು ನೇರವಾಗಿ ಹಾಲಿಗೇ ಇಳಿಯುತ್ತದೆ. ಸಂಶೋಧಕರು ಇವುಗಳನ್ನು ಅಳೆದು ಗುಪ್ತ ಕೆಚ್ಚಲು ಬಾವನ್ನು ಗುರುತಿಸುತ್ತಾರೆ.

ನಿಮ್ಮ ಕೊಟ್ಟಿಗೆಗೆ ಅಷ್ಟು ದುಬಾರಿ ಪರೀಕ್ಷೆ ಬೇಕಿಲ್ಲ. ಸಿಎಂಟಿ ಎಂಬ ಸರಳ ಪರೀಕ್ಷೆ ಸಾಕು. ನಾಲ್ಕು ಗುಳಿಯ ತಟ್ಟೆಯಲ್ಲಿ ನಾಲ್ಕು ಮೊಲೆಗಳ ಹಾಲನ್ನು ಬೇರೆ ಬೇರೆಯಾಗಿ ಕರೆದು, ಅಷ್ಟೇ ಪ್ರಮಾಣದ ದ್ರಾವಣ ಹಾಕಿ ಮೆಲ್ಲಗೆ ತಿರುಗಿಸಬೇಕು. ಲೋಳೆಯಾದರೆ ಆ ಮೊಲೆಯ ಹಾಲಿನಲ್ಲಿ ಬಿಳಿ ರಕ್ತಕಣಗಳು ತುಂಬಿವೆ ಎಂದರ್ಥ. ಹಾಲಿನಲ್ಲಿ ಮಿಲಿಲೀಟರಿಗೆ 2 ಲಕ್ಷಕ್ಕಿಂತ ಹೆಚ್ಚು ಕಣಗಳಿದ್ದರೆ ಸೋಂಕಿನ ಅನುಮಾನ ಪಡಬೇಕು. ಲೋಳೆ ಬಂದರೆ ಆ ಹಾಲನ್ನು ಪಶುವೈದ್ಯರ ಮೂಲಕ ಕಲ್ಚರ್‌ಗೆ ಕಳಿಸಿ. ಅಂದಾಜಿನ ಮೇಲೆ ಆಂಟಿಬಯಾಟಿಕ್ ಟ್ಯೂಬ್ ಏರಿಸಬೇಡಿ. ಹಾಲು ಕರೆದ ಮೇಲೆ ಮೊಲೆತೊಟ್ಟುಗಳನ್ನು ಔಷಧ ದ್ರಾವಣದಲ್ಲಿ ಅದ್ದಿ, ಹಸು ಅರ್ಧ ಗಂಟೆ ಮಲಗದಂತೆ ಮುಂದೆ ಮೇವು ಹಾಕಿ. ಕರೆದ ಕೂಡಲೇ ತೊಟ್ಟಿನ ರಂಧ್ರ ತೆರೆದೇ ಇರುತ್ತದೆ, ರೋಗಾಣು ನುಗ್ಗುವುದು ಆಗಲೇ.

ಪ್ರಶ್ನೆ: ನಮ್ಮ ಎತ್ತು ಒಂದೇ ಸಮನೆ ತಲೆ ಝಾಡಿಸ್ತದ, ಕೋಡನ್ನ ಗೋಡೆಗೆ ತಿಕ್ಕತದ. ಒಂದು ಕೋಡು ವಾಲಿದ್ಹಂಗ ಕಾಣಸ್ತದ. ರಕ್ತ ತಪಾಸಣಿ ಮಾಡಿಸಿದ್ರ ಗೊತ್ತಾಗ್ತದೇನ್ರಿ?
– ರೈತರೊಬ್ಬರು, ಬಾಗಲಕೋಟೆ

ಉತ್ತರ: ರಕ್ತ ತಪಾಸಣೆಗೆ ಕಾಯಬೇಡಿ, ಇಂದೇ ಪಶುವೈದ್ಯರಿಗೆ ತೋರಿಸಿ. ನೀವು ಬರೆದ ಲಕ್ಷಣಗಳು ಕೋಡಿನ ಕ್ಯಾನ್ಸರಿನವು. ಅದೇ ಬದಿಯ ಮೂಗಿನ ಹೊಳ್ಳೆಯಿಂದ ರಕ್ತ ಬರುತ್ತಿದೆಯೇ, ಕೋಡಿನ ಬುಡ ಬಿಸಿಯಾಗಿದೆಯೇ ನೋಡಿ. ಕೋಡಿನ ಒಳಪದರದಲ್ಲಿ ಹುಟ್ಟುವ ಈ ರೋಗ ನಮ್ಮ ದೇಶದ ದನಗಳಲ್ಲಿ, ಅದರಲ್ಲೂ ನಡುವಯಸ್ಸಿನ ಎತ್ತುಗಳಲ್ಲಿ ಹೆಚ್ಚು. ಇದನ್ನು ಖಚಿತವಾಗಿ ಹೇಳುವ ರಕ್ತದ ಪ್ರೋಟೀನು ಆಸ್ಪತ್ರೆಗಳ ಬಳಕೆಯಲ್ಲಿಲ್ಲ. ಬೇಗ ಬಂದರೆ ಕೋಡನ್ನು ಬುಡದಿಂದ ತೆಗೆದು ಎತ್ತನ್ನು ಉಳಿಸಿಕೊಳ್ಳಲು ಸಾಧ್ಯ. ಕೋಡು ಕಳಚಿ ಹುಣ್ಣಾಗಿ ಹುಳ ಬಿದ್ದ ಮೇಲೆ ಬಲು ಕಷ್ಟ. ದಿನವೂ ಎತ್ತಿನ ಮೈ ಸವರುವ ನಿಮ್ಮ ಕೈಯೇ ಇಲ್ಲಿ ಎಲ್ಲ ಲ್ಯಾಬಿಗಿಂತ ಮೊದಲು ರೋಗ ಗುರುತಿಸಿದೆ.

ಪ್ರಶ್ನೆ: ನನ್ನ ಅಕ್ಕನಿಗೆ ಹೆಲ್ತ್ ಪ್ಯಾಕೇಜಿನಲ್ಲಿ ಸಿಎ-125 ಮಾಡಿದರು, 52 ಬಂತು, ಎಲ್ಲರೂ ಹೆದರಿದ್ದೇವೆ. ಈ ನಡುವೆ ನಮ್ಮ ಎಂಟು ವರ್ಷದ ಹೆಣ್ಣು ನಾಯಿಯ ಮೊಲೆಯ ಬಳಿ ಗಂಟು ಸಿಕ್ಕಿದೆ. ಅದಕ್ಕೂ ಇಂಥ ರಕ್ತ ಪರೀಕ್ಷೆ ಇದೆಯೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಅಕ್ಕನ ವಿಷಯದಲ್ಲಿ ತೀರ್ಮಾನ ಅವರ ಸ್ತ್ರೀರೋಗ ತಜ್ಞರದು, ತಪ್ಪದೆ ತೋರಿಸಿ. ಆದರೆ ಈ ಪ್ರೋಟೀನಿನ ಸ್ವಭಾವ ತಿಳಿದರೆ ಭಯ ಕಡಿಮೆಯಾದೀತು. ಸಿಎ-125ಕ್ಕೆ ಸಾಮಾನ್ಯವಾಗಿ 35ರ ಮಿತಿ ಇಡುತ್ತಾರೆ. ಅಂಡಾಶಯದ ಕ್ಯಾನ್ಸರಿನಲ್ಲಿ ಅದು ಏರುತ್ತದೆ, ಸರಿ. ಮುಟ್ಟಿನ ದಿನಗಳಲ್ಲಿ, ಗರ್ಭಿಣಿಯರಲ್ಲಿ, ಎಂಡೊಮೆಟ್ರಿಯೋಸಿಸ್‌ನಲ್ಲಿ, ನಮ್ಮಲ್ಲಿ ಇಂದಿಗೂ ಕಾಣುವ ಹೊಟ್ಟೆಯ ಕ್ಷಯದಲ್ಲೂ ಏರುತ್ತದೆ. ಬ್ರಿಟನ್ನಿನಲ್ಲಿ 2001ರಿಂದ 2 ಲಕ್ಷಕ್ಕೂ ಹೆಚ್ಚು ಮಹಿಳೆಯರನ್ನು ಸೇರಿಸಿಕೊಂಡು ಒಂದು ಬೃಹತ್ ಅಧ್ಯಯನ ನಡೆಯಿತು. ಲಕ್ಷಣವಿಲ್ಲದವರಿಗೆ ವರ್ಷಕ್ಕೊಮ್ಮೆ ಸಿಎ-125 ಅಥವಾ ಸ್ಕ್ಯಾನ್ ಮಾಡಿದರೆ ಅಂಡಾಶಯದ ಕ್ಯಾನ್ಸರಿನ ಸಾವು ತಗ್ಗುತ್ತದೆಯೇ ಎಂಬುದು ಪ್ರಶ್ನೆ. 2021ರಲ್ಲಿ ಪ್ರಕಟವಾದ ಉತ್ತರ: ತಗ್ಗಲಿಲ್ಲ. ಅದೇ ಪರೀಕ್ಷೆ, ರೋಗ ಖಚಿತವಾದವರಲ್ಲಿ ಚಿಕಿತ್ಸೆ ಫಲಿಸುತ್ತಿದೆಯೇ, ರೋಗ ಮರುಕಳಿಸಿತೇ ಎಂದು ನೋಡಲು ಬಹಳ ಉಪಯುಕ್ತ. ಕ್ಯಾನ್ಸರಿನ ಹೆಚ್ಚಿನ ಸೂಚಕ ಪ್ರೋಟೀನುಗಳ ಕಥೆ ಇದೇ: ಇದ್ದ ರೋಗದ ಜಾಡು ಹಿಡಿಯುವುದರಲ್ಲಿ ಗಟ್ಟಿ, ಇಲ್ಲದವರಲ್ಲಿ ಹುಡುಕುವುದರಲ್ಲಿ ದುರ್ಬಲ.

ಈಗ ನಿಮ್ಮ ನಾಯಿ. ಮೊಲೆಯ ಗಂಟು ಎಂಥದ್ದೆಂದು ಹೇಳುವ ನಂಬಿಕಸ್ಥ ರಕ್ತ ಪರೀಕ್ಷೆ ಇಲ್ಲ. ನಾಯಿಗಳ ಮೊಲೆಗಂಟುಗಳಲ್ಲಿ ಸುಮಾರು ಅರ್ಧದಷ್ಟು ಕ್ಯಾನ್ಸರಾಗಿರುತ್ತವೆ. ಮೂರು ಸೆಂಟಿಮೀಟರಿಗಿಂತ ಚಿಕ್ಕದಿದ್ದಾಗಲೇ ತೆಗೆಸಿದರೆ ಫಲಿತಾಂಶ ಚೆನ್ನಾಗಿರುತ್ತದೆ. ಎದೆಯ ಎಕ್ಸ್‌ರೇ ತೆಗೆಸಿ, ಗಂಟನ್ನು ತೆಗೆಸಿ, ತೆಗೆದದ್ದನ್ನು ಬಯಾಪ್ಸಿಗೆ ಕಳಿಸಿ. ಅಲ್ಲಿ ಪ್ರೋಟೀನುಗಳು ಮತ್ತೆ ನೆರವಿಗೆ ಬರುತ್ತವೆ. ಅಂಗಾಂಶದಲ್ಲಿ ಕೆಐ-67 ಎಂಬ ಪ್ರೋಟೀನು ಎಷ್ಟು ಕೋಶಗಳಲ್ಲಿದೆ ಎಂದು ಎಣಿಸಿದರೆ ಗಡ್ಡೆ ಎಷ್ಟು ಬಿರುಸಾಗಿ ಬೆಳೆಯುತ್ತಿತ್ತು ಎಂಬ ಅಂದಾಜು ಸಿಗುತ್ತದೆ.

ಯಾವುದೇ ಪರೀಕ್ಷೆಗೆ ಮುನ್ನ ವೈದ್ಯರನ್ನು ಒಂದು ಮಾತು ಕೇಳಿ: "ಈ ಸಂಖ್ಯೆ ಹೆಚ್ಚು ಬಂದರೆ ನೀವು ಏನು ಮಾಡುತ್ತೀರಿ, ಕಡಿಮೆ ಬಂದರೆ ಏನು ಮಾಡುತ್ತೀರಿ?" ಎರಡಕ್ಕೂ ಉತ್ತರ ಒಂದೇ ಆಗಿದ್ದರೆ ಆ ದುಡ್ಡನ್ನು ಚಿಕಿತ್ಸೆಗೆ ಉಳಿಸಿಕೊಳ್ಳಿ.

ಪ್ರಶ್ನೆ: ನಾನು ಪಶುವೈದ್ಯಕೀಯ ವಿದ್ಯಾರ್ಥಿನಿ. ಪ್ರಾಣಿಗಳ ಪ್ರೋಟೀನು ಅಧ್ಯಯನದಿಂದ ಮನುಷ್ಯರ ಕ್ಯಾನ್ಸರ್ ಸಂಶೋಧನೆಗೆ ನಿಜವಾಗಿ ಏನಾದರೂ ಸಿಕ್ಕಿದೆಯೇ ಮೇಡಂ?
– ಓದುಗರೊಬ್ಬರು, ಬೀದರ್

ಉತ್ತರ: ಸಿಕ್ಕಿದ್ದರ ಮೇಲೆಯೇ ಇಂದಿನ ಎಷ್ಟೋ ಪರೀಕ್ಷೆಗಳು ನಿಂತಿವೆ. ಪಿತ್ತಜನಕಾಂಗದ ಕ್ಯಾನ್ಸರಿಗೆ ಇಂದು ಎಲ್ಲೆಡೆ ಅಳೆಯುವ ಆಲ್ಫಾ-ಫೀಟೊಪ್ರೋಟೀನ್ ತೆಗೆದುಕೊಳ್ಳಿ. ಭ್ರೂಣದಲ್ಲಿರುವ ಈ ಪ್ರೋಟೀನು ಬೆಳೆದ ಇಲಿಯ ಪಿತ್ತಜನಕಾಂಗದ ಗಡ್ಡೆಯಲ್ಲಿ ಮತ್ತೆ ತಯಾರಾಗುತ್ತದೆ ಎಂದು ಮಾಸ್ಕೋದ ಗ್ಯಾರಿ ಅಬೆಲೆವ್ ತಂಡ 1963ರಲ್ಲಿ ತೋರಿಸಿತು. ಮರುವರ್ಷವೇ ಯೂರಿ ತತಾರಿನೋವ್ ಅದನ್ನು ರೋಗಿಯ ರಕ್ತದಲ್ಲಿ ಕಂಡರು. 1975ರಲ್ಲಿ ಕೋಹ್ಲರ್ ಮತ್ತು ಮಿಲ್‌ಸ್ಟೈನ್ ಇಲಿಯ ಕೋಶಗಳಿಂದ ಏಕರೂಪದ ಪ್ರತಿಕಾಯ ತಯಾರಿಸುವ ದಾರಿ ಕಂಡುಕೊಂಡರು. ಸಿಎ-125 ಪರೀಕ್ಷೆ ಹುಟ್ಟಿದ್ದು ಅಂಥ ಪ್ರತಿಕಾಯದಿಂದ.

ನಾಯಿಗಳ ಪಾಲು ಇನ್ನೂ ವಿಶೇಷ. ಅವುಗಳಿಗೆ ಕ್ಯಾನ್ಸರ್ ತಾನಾಗಿ ಬರುತ್ತದೆ. ನಮ್ಮದೇ ಮನೆಯ ಗಾಳಿ, ನೀರು, ವಯಸ್ಸಾಗುವಿಕೆಯ ನಡುವೆ ಬರುತ್ತದೆ. ನಾಯಿಯ ಮೂಳೆ ಕ್ಯಾನ್ಸರ್ ಮಕ್ಕಳು, ಹದಿಹರೆಯದವರ ಮೂಳೆ ಕ್ಯಾನ್ಸರನ್ನು ಬಹಳ ಹೋಲುತ್ತದೆ. ಆ ನಾಯಿಗಳ ರಕ್ತದಲ್ಲಿ ಆಲ್ಕಲೈನ್ ಫಾಸ್ಫಟೇಸ್ ಹೆಚ್ಚಿದ್ದರೆ ಆಯುಸ್ಸು ಕಡಿಮೆ ಎಂದು ಅಧ್ಯಯನಗಳು ತೋರಿಸಿವೆ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 2003ರಲ್ಲಿ ತುಲನಾತ್ಮಕ ಕ್ಯಾನ್ಸರ್ ಅಧ್ಯಯನಕ್ಕೆಂದೇ ಒಂದು ಕಾರ್ಯಕ್ರಮ ತೆರೆಯಿತು. ಚರ್ಮದ ಮಾಸ್ಟ್ ಕೋಶದ ಗಡ್ಡೆಯಲ್ಲಿ ಕಿಟ್ ಎಂಬ ಪ್ರೋಟೀನು ಕೆಟ್ಟಿರುವುದನ್ನು ಅರಿತು ತಂದ ಟೊಸೆರಾನಿಬ್ ಮಾತ್ರೆಗೆ 2009ರಲ್ಲಿ ಅಲ್ಲಿ ಅನುಮತಿ ಸಿಕ್ಕಿತು. ಅಲ್ಲಿಯವರೆಗೆ ನಾಯಿಗಳ ಕ್ಯಾನ್ಸರಿಗೆಂದೇ ಅಲ್ಲಿ ಅನುಮತಿ ಪಡೆದ ಔಷಧವೇ ಇರಲಿಲ್ಲ.

ನಿಮ್ಮಂಥವರಿಗೆ ಕೆಲಸ ಬೇಕಾದಷ್ಟಿದೆ. ಕೋಡಿನ ಕ್ಯಾನ್ಸರಿಗೆ, ಉಣ್ಣೆ ಜ್ವರಕ್ಕೆ, ನಮ್ಮ ನಾಟಿ ತಳಿಗಳಿಗೆ ಒಪ್ಪುವ ಪರೀಕ್ಷೆಗಳನ್ನು ಹೊರಗಿನವರು ಬಂದು ಮಾಡಿಕೊಡುವುದಿಲ್ಲ. ಮಾಲೀಕರ ಒಪ್ಪಿಗೆ ಪಡೆದು ಸ್ಯಾಂಪಲ್ ತೆಗೆಯಿರಿ, ವಯಸ್ಸು, ತಳಿ, ಔಷಧಗಳನ್ನು ಬರೆದಿಡಿ, ಪ್ರಾಣಿ ಕೊನೆಗೆ ಏನಾಯಿತು ಎಂಬುದನ್ನೂ ದಾಖಲಿಸಿ. ಆರೋಗ್ಯವಂತ ಪ್ರಾಣಿಗಳ ರಕ್ತವನ್ನೂ ಅಷ್ಟೇ ಶ್ರದ್ಧೆಯಿಂದ ಅಳೆಯಿರಿ. ಸಹಜ ಎಷ್ಟು ಎಂದು ಗೊತ್ತಿಲ್ಲದೆ ಅಸಹಜವನ್ನು ಗುರುತಿಸಲಾಗದು. ಪ್ರಾಣಿ ಸಾಕಿದವರಿಗೂ ಇದೇ ಮಾತು: ವರ್ಷಕ್ಕೊಮ್ಮೆಯ ರಿಪೋರ್ಟುಗಳನ್ನು ಒಂದು ಫೈಲಿನಲ್ಲಿ ಜೋಪಾನವಾಗಿಡಿ. ಕಾಯಿಲೆ ಬಂದ ದಿನ ವೈದ್ಯರಿಗೆ ಅದಕ್ಕಿಂತ ಬೆಲೆಬಾಳುವ ದಾಖಲೆ ಇನ್ನೊಂದಿಲ್ಲ.