ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮತ್ತು ಕರುಳಿನ ಬ್ಯಾಕ್ಟೀರಿಯಾ

ಬ್ಯಾರಿಯಾಟ್ರಿಕ್ ಶಸ್ತ್ರಚಿಕಿತ್ಸೆಯಲ್ಲಿ ಎರಡು ವಿಧ ಮುಖ್ಯ. ಸ್ಲೀವ್ ಗ್ಯಾಸ್ಟ್ರೆಕ್ಟಮಿಯಲ್ಲಿ ಜಠರದ ಸುಮಾರು ಶೇ 75–80 ಭಾಗ ತೆಗೆಯುತ್ತಾರೆ. ಗ್ಯಾಸ್ಟ್ರಿಕ್ ಬೈಪಾಸ್‌ನಲ್ಲಿ ಜಠರದ ಪುಟ್ಟ ಚೀಲವನ್ನು ನೇರವಾಗಿ ಸಣ್ಣಕರುಳಿಗೆ ಜೋಡಿಸುತ್ತಾರೆ.

ಊಟ ಕಡಿಮೆಯಾದ ಮಾತ್ರಕ್ಕೆ ತೂಕ ಇಳಿಯುತ್ತದೆಂದು ಬರೆದರೆ ಉತ್ತರ ಅರ್ಧವಾದಂತೆ. ಜಠರದ ಆಮ್ಲ, ಪಿತ್ತರಸದ ಹರಿವು ಬದಲಾಗಿ ಕರುಳಿನ ಬ್ಯಾಕ್ಟೀರಿಯಾಗಳೂ ಬದಲಾಗುತ್ತವೆ. ಬೈಪಾಸ್ ನಂತರ ಪ್ರೋಟಿಯೊಬ್ಯಾಕ್ಟೀರಿಯಾ ಹೆಚ್ಚುತ್ತವೆ. 2004ರಲ್ಲಿ ಹೆಸರು ಪಡೆದ ಅಕ್ಕರ್ಮಾನ್ಸಿಯಾ ಮ್ಯೂಸಿನಿಫಿಲಾ ಕೂಡ ಹಲವು ಅಧ್ಯಯನಗಳಲ್ಲಿ ಏರಿದೆ. 2013ರ ಪ್ರಯೋಗವನ್ನು ಮರೆಯಬಾರದು: ಬೈಪಾಸ್ ಆದ ಇಲಿಗಳ ಕರುಳಿನ ಸೂಕ್ಷ್ಮಜೀವಿಗಳನ್ನು, ಸೂಕ್ಷ್ಮಜೀವಿಗಳೇ ಇಲ್ಲದಂತೆ ಬೆಳೆಸಿದ ಇಲಿಗಳಿಗೆ ಸೇರಿಸಿದಾಗ ಅವುಗಳ ತೂಕವೂ ಇಳಿಯಿತು. ಜಿಎಲ್‌ಪಿ-1 ಎಂಬ ಇನ್ಸುಲಿನ್ ಸ್ರವಿಕೆಗೆ ನೆರವಾಗುವ ಹಾರ್ಮೋನು ಶಸ್ತ್ರಚಿಕಿತ್ಸೆಯ ನಂತರ ಹೆಚ್ಚುವುದರಿಂದ, ತೂಕ ಅಷ್ಟಾಗಿ ಇಳಿಯುವ ಮೊದಲೇ ಟೈಪ್-2 ಮಧುಮೇಹ ಹತೋಟಿಗೆ ಬರುವುದುಂಟು.

ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ರಾಗಿಮುದ್ದೆಯನ್ನು ಅಗಿಯದೆ ನುಂಗುವುದೇ ರೂಢಿ. ಶಸ್ತ್ರಚಿಕಿತ್ಸೆಯಾದವರಿಗೆ ಇದು ಸಲ್ಲದು, ತುತ್ತು ಸಿಕ್ಕಿಕೊಳ್ಳುತ್ತದೆ; ವೈದ್ಯರು ಒಪ್ಪಿದರೆ ತೆಳ್ಳನೆಯ ಅಂಬಲಿ ಒಳ್ಳೆಯದು. ಬೈಪಾಸ್ ಆದವರು ಕಬ್ಬಿನ ಹಾಲನ್ನು ಗಟಗಟ ಕುಡಿದರೆ ಬೆವರು, ಎದೆಬಡಿತ, ಭೇದಿ ಕಾಣಿಸಬಹುದು. ಇದೇ ಡಂಪಿಂಗ್ ಸಿಂಡ್ರೋಮ್. ಬಿ12, ಕಬ್ಬಿಣ, ಕ್ಯಾಲ್ಸಿಯಂ ಕೊರತೆಯಾಗದಂತೆ ಜೀವನಪೂರ್ತಿ ನಿಗಾ ಬೇಕು.